ಮಲ್ಪೆಯ ಸಂಜೆ: ಹೊಸ ಕ್ಯಾಮೆರಾ ಬಾಡಿ ಬೇಡ, ನಿಂತ ದಿಕ್ಕು ಬದಲಿಸಿ

ಉಡುಪಿ ಹತ್ತಿರದ ಮಲ್ಪೆ ಬೀಚಿನಲ್ಲಿ ತೆಗೆದ ಪ್ರೀ ವೆಡ್ಡಿಂಗ್ ಫೋಟೋಗಳನ್ನು ನಮ್ಮ ಫೋಟೋಗ್ರಾಫರ್ ಗುಂಪಿನಲ್ಲಿ ಹಾಕಿದ್ದೀರಿ. ಮುಖ ಎಲ್ಲ ಬೂದಿ ಬೂದಿ ಕಾಣ್ತಿದೆ, ನಾಯ್ಸ್ (ಕಾಳು ಕಾಳು ಚುಕ್ಕೆ) ಜಾಸ್ತಿ, ಯಾವ ಪ್ರೀಸೆಟ್ (ಸಿದ್ಧ ಎಡಿಟಿಂಗ್ ಸೆಟ್ಟಿಂಗ್) ಹಾಕಲಿ ಅಂತ ಕೇಳಿದ್ದೀರಿ. ಕೆಳಗೆ ನಾಲ್ಕೈದು ಜನ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ತಗೊಳ್ಳಿ ಎಂದು ಬರೆದಿದ್ದಾರೆ. ದಯವಿಟ್ಟು ತಗೋಬೇಡಿ. ಲಕ್ಷಗಟ್ಟಲೆ ಸುರಿದು ಬಂದು ಅದೇ ಜಾಗದಲ್ಲಿ ಅದೇ ದಿಕ್ಕಿಗೆ ನಿಂತರೆ ಅದೇ ಫೋಟೋ ಬರುತ್ತದೆ. ಶುರುವಿನಲ್ಲಿ ನಾನೂ ಹೀಗೇ ನಿಲ್ಲುತ್ತಿದ್ದೆ, ಹಾಗಾಗಿ ನೋಡಿದ ಕೂಡಲೇ ಗೊತ್ತಾಯಿತು.

ನಮ್ಮ ಕಡೆ ಕಡಲು ಇರುವುದು ಪಡುವಣಕ್ಕೆ. ಸಂಜೆ ಜೋಡಿಯ ಹಿಂದೆ ಕಡಲು ಬೇಕು ಎಂದರೆ ಸೂರ್ಯನೂ ಅವರ ಬೆನ್ನ ಹಿಂದೆಯೇ. ಆಕಾಶದ ಬಣ್ಣ ಉಳಿಸಲು ಹೊರಟರೆ ಮುಖ ಮೂರು ನಾಲ್ಕು ಸ್ಟಾಪ್ ಕೆಳಗೆ ಬೀಳುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮಿನಲ್ಲಿ ಶ್ಯಾಡೋ (ಕತ್ತಲ ಭಾಗದ) ಸ್ಲೈಡರ್ ಎಳೆದು ಮೇಲೆ ತಂದರೂ ಚರ್ಮದ ಬಣ್ಣ ವಾಪಸ್ ಬರುವುದಿಲ್ಲ. ಮೊಬೈಲಿನಲ್ಲಿ ಹೇಗೋ ನಡೆಯುತ್ತದೆ. ಆಲ್ಬಮ್ ಪ್ರಿಂಟ್ ಆಗಿ ಬಂದಾಗ ಹುಡುಗಿಯ ಅಮ್ಮ ಮೊದಲು ನೋಡುವುದು ಮಗಳ ಮುಖವನ್ನೇ ಅಲ್ವಾ?

ನಾನು ಮಾಡುವುದು ಇಷ್ಟೇ. ಸಂಜೆ ಕಡಲಿಗೆ ಬೆನ್ನು ಹಾಕಿ ನಾನು ನಿಲ್ಲುತ್ತೇನೆ, ಜೋಡಿಯನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸುತ್ತೇನೆ. ಹಿಂದೆ ತೆಂಗಿನ ತೋಟ, ಗಾಳಿ ಮರ, ಮರಳಿಗೆ ಎಳೆದಿಟ್ಟ ದೋಣಿ. ಕಡಲು ಫ್ರೇಮಿನಲ್ಲಿ ಇರುವುದಿಲ್ಲ, ಆದರೆ ಅದರ ಮೇಲಿನ ಅಷ್ಟೂ ಆಕಾಶ ಅವರ ಮುಖಕ್ಕೆ ಬೆಳಕು ಕೊಡುತ್ತದೆ. ಬೆಳಕನ್ನು ಮೆತ್ತಗೆ ಹರಡುವ ಅಷ್ಟು ದೊಡ್ಡ ಸಾಫ್ಟ್‌ಬಾಕ್ಸ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಧ್ಯಾಹ್ನದ ನಂತರ ಬೀಸುವುದು ಕಡಲಗಾಳಿ, ಪಡುವಣದಿಂದ. ಕಡಲಿಗೆ ಮುಖ ಮಾಡಿ ನಿಂತರೆ ಕೂದಲು, ಸೆರಗು ಹಿಂದಕ್ಕೆ ಹಾರುತ್ತದೆ. ಬೆನ್ನು ಹಾಕಿ ನಿಂತರೆ ಅಷ್ಟೂ ಕೂದಲು ಮುಖದ ಮೇಲೆ. ನಿಮ್ಮ ಮೂರನೇ ಫೋಟೋದಲ್ಲಿ ಆಗಿರುವುದು ಅದೇ ನೋಡಿ, ಪಾಪ ಅವಳು ಒಂದು ಕೈಯಲ್ಲಿ ಕೂದಲು ಹಿಡಿದುಕೊಂಡೇ ನಿಂತಿದ್ದಾಳೆ.

ಸಮಯದ್ದು ಇನ್ನೊಂದು ವಿಷಯ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು 6.05ರ ಆಸುಪಾಸು. ಮೇ ಕೊನೆಗೆ 6.50 ದಾಟುತ್ತದೆ. ಮುಳುಗಿದ ಮೇಲೆ ಕೆಲಸಕ್ಕೆ ಬರುವ ಬೆಳಕು ಸುಮಾರು 20 ನಿಮಿಷ, ಅಷ್ಟೇ. ಎಲ್ಲರೂ ಸೂರ್ಯ ಹೋಯಿತು ಎಂದು ಬ್ಯಾಗ್ ಕಟ್ಟುತ್ತಾರೆ. ನನ್ನ ಒಳ್ಳೆಯ ಫೋಟೋಗಳೆಲ್ಲ ಆ 20 ನಿಮಿಷದವು. ಯಾರೂ ಕಣ್ಣು ಕಿರಿದು ಮಾಡುವುದಿಲ್ಲ, ಮೂಗಿನ ಕೆಳಗೆ ನೆರಳು ಬೀಳುವುದಿಲ್ಲ. ಆದರೆ ಶಟರ್ ವೇಗ 1/200 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ, ಐಎಸ್ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 1600ಕ್ಕೆ ಹೋದರೂ ಪರವಾಗಿಲ್ಲ. ಸರಿಯಾಗಿ ಎಕ್ಸ್‌ಪೋಸ್ ಆದ 1600, ಕತ್ತಲಿಂದ ಎಳೆದು ತಂದ 100ಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ.

ಮನೆಯವರು ಕಡಲು ಬೇಕೇ ಬೇಕು ಎನ್ನುತ್ತಾರೆ, ಗೊತ್ತು. ಹಾಗಾದರೆ ಬೆಳಿಗ್ಗೆ ಕರೆಯಿರಿ. ಸೂರ್ಯ ಮೂಡಣದ ತೋಟದ ಕಡೆಯಿಂದ ಏರುತ್ತದೆ, ಬೆಳಕು ನೇರ ಮುಖಕ್ಕೆ, ಕಡಲು ನೀಲಿಯಾಗಿ ಹಿಂದೆ. ಮೊದಲ ಸ್ವಲ್ಪ ಹೊತ್ತು ತೆಂಗಿನ ಮರಗಳು ಬಿಸಿಲು ತಡೆಯುತ್ತವೆ, ಮರಳಿಡೀ ಮೆತ್ತಗಿನ ನೆರಳು. ಆಗ ಕ್ಲೋಸ್ ಅಪ್ ಮುಗಿಸಿಬಿಡಿ. ಬಿಸಿಲು ಮರ ದಾಟಿ ಬಂದ ಮೇಲೆ ನಡೆಯುವುದು, ಓಡುವುದು, ಅಗಲ ಫ್ರೇಮ್. ಎಂಟೂವರೆ ನಂತರ ಬಿಟ್ಟುಬಿಡಿ, ಬೇಸಿಗೆಯಲ್ಲಂತೂ ಎಂಟಕ್ಕೇ. ಮೇಕಪ್ಪಿಗೆ ನಾಲ್ಕು ಗಂಟೆಗೆ ಏಳಬೇಕು ಎಂದು ಗೊಣಗುತ್ತಾರೆ. ಸಂಜೆಯ ಫೋಟೋ ಒಂದು, ಬೆಳಗಿನದು ಒಂದು ಪಕ್ಕದಲ್ಲಿಟ್ಟು ತೋರಿಸಿ, ಒಪ್ಪುತ್ತಾರೆ.

ಬೆಳಿಗ್ಗೆ ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಮೀನುಬಲೆ) ಎಳೆಯುವವರು ಇರುತ್ತಾರೆ. ಅವರ ಬಲೆ ದಾಟಬೇಡಿ, ದೋಣಿ ಹತ್ತಿಸುವ ಮೊದಲು ಕೇಳಿ. ಅವರದ್ದು ದುಡಿಯುವ ಹೊತ್ತು, ನಮ್ಮದು ಫೋಟೋ. ಹಾಗೆಯೇ ದೈವಸ್ಥಾನದ ಅಂಗಳವನ್ನು ಬ್ಯಾಕ್‌ಗ್ರೌಂಡ್ ಮಾಡಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಇದನ್ನು ಈ ಗುಂಪಿನಲ್ಲಿ ಎಷ್ಟು ಸಲ ಹೇಳಬೇಕೋ.

ಸೂರ್ಯನೇ ಹಿಂದೆ ಬೇಕು ಎಂದರೆ ಫ್ಲ್ಯಾಶ್ ಇಲ್ಲದೆ ಆಗುವುದಿಲ್ಲ. ಬೆಳಕು ತಿರುಗಿಸುವ ರಿಫ್ಲೆಕ್ಟರ್ ಹಾಳೆ ನಂಬಬೇಡಿ, ಮಂಗಳೂರಿನ ಪಣಂಬೂರು ಬೀಚಿನ ಗಾಳಿಗೆ ಅದು ಗಾಳಿಪಟದ ಹಾಗೆ ಎದ್ದು ಹೋಗುತ್ತದೆ. ಹಿಡಿಯಲು ಬಂದ ಹುಡುಗನ ಕೈ ನೋವು ಬಿಟ್ಟರೆ ಏನೂ ಸಿಗದು. ನನ್ನ ಬಳಿ ಇರುವ ಫ್ಲ್ಯಾಶ್ ಗೋಡಾಕ್ಸ್ ಎಡಿ200. ಒಬ್ಬರೇ ಹೊತ್ತು ತಿರುಗುವವರಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ. ಹೈ ಸ್ಪೀಡ್ ಸಿಂಕ್ (ಸಾಮಾನ್ಯ ಮಿತಿಗಿಂತ ವೇಗದ ಶಟರಿನಲ್ಲೂ ಫ್ಲ್ಯಾಶ್ ಹೊಡೆಯುವ ಸೌಲಭ್ಯ) ಹಾಕಿದರೆ ಫ್ಲ್ಯಾಶಿನ ಬಲ ತುಂಬಾ ಇಳಿಯುತ್ತದೆ, ಬ್ಯಾಟರಿಯೂ ಬೇಗ ಹೋಗುತ್ತದೆ. ಅದರ ಬದಲು ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ ಶಟರನ್ನು 1/200ರಲ್ಲೇ ಇಡಿ. ಲೆಕ್ಕ ಸುಲಭ: ಪೂರ್ತಿ ಬಿಸಿಲಿನಲ್ಲಿ ಐಎಸ್ಒ 100, ಎಫ್/2.8ಕ್ಕೆ (ಎಫ್ ಅಂದರೆ ಲೆನ್ಸಿನ ಬಾಯಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು) ಶಟರ್ 1/3200 ಬೇಕು. 1/200ಕ್ಕೆ ಇಳಿಸಲು ನಾಲ್ಕು ಸ್ಟಾಪ್, ಅಂದರೆ ಬೆಳಕನ್ನು ಹದಿನಾರನೇ ಒಂದಕ್ಕೆ ಇಳಿಸುವ ಎನ್‌ಡಿ16. ಸಂಜೆ ಎನ್‌ಡಿ8 ಸಾಕು. ಹೆಸರಿಲ್ಲದ ಅಗ್ಗದ ಫಿಲ್ಟರ್ ತಗೋಬೇಡಿ, ಬಿಳಿ ಪಂಚೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹೋಯಾ, ನಿಸಿ ಯಾವುದಾದರೂ ಆದೀತು. ಫ್ಲ್ಯಾಶ್ ಮೇಲೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಆಕಾಶ ಕೆಂಪು, ಮುಖ ಟ್ಯೂಬ್‌ಲೈಟ್ ಬಿಳಿ.

ಲೆನ್ಸ್ ಬಗ್ಗೆ ಯಾರೋ 35 ಎಂಎಂ ಸಾಕು ಎಂದಿದ್ದಾರೆ. ನನಗೆ 85 ಎಂಎಂ ಎಫ್/1.8. ಬೆಲೆ ಕಮ್ಮಿ, ದೂರವೂ ಸಿಗುತ್ತದೆ. ನಿಶ್ಚಿತಾರ್ಥ ಆಗಿ ತಿಂಗಳೂ ಆಗದ ಜೋಡಿ ಎಷ್ಟೋ ಸಲ ಒಟ್ಟಿಗೆ ಹೊರಗೆ ಬಂದಿರುವುದೇ ಅವತ್ತು. ಜೊತೆಗೆ ಹುಡುಗಿಯ ತಮ್ಮನೋ ಚಿಕ್ಕಮ್ಮನೋ ಬಂದಿರುತ್ತಾರೆ. ನೀವು ಎರಡು ಅಡಿಯಲ್ಲಿ ಕ್ಯಾಮೆರಾ ಹಿಡಿದು "ಹಣೆಗೆ ಹಣೆ ತಾಗಿಸಿ" ಎಂದರೆ ಇಬ್ಬರೂ ಕಲ್ಲಾಗುತ್ತಾರೆ. ದೂರ ಹೋಗಿ. ನೀರಿನ ಅಂಚಿನಲ್ಲಿ ನಡೆದುಕೊಂಡು ಬನ್ನಿ, ಊಟದ ಮೆನು ಮಾತಾಡಿ ಎನ್ನಿ. ತುಳುವಿನವರಾದರೆ ತುಳುವಿನಲ್ಲೇ ಮಾತಾಡಿಸಿ, ಕೊಂಕಣಿ ನಿಮಗೆ ಬಂದರೆ ಕೊಂಕಣಿಯಲ್ಲಿ. ನಗು ತಾನಾಗಿ ಬರುತ್ತದೆ. ಬೇರೆಯವರ ರೀಲ್ಸ್ ತೋರಿಸಿ ಅದೇ ಪೋಸ್ ಮಾಡಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಇಬ್ಬರು ಇರುವಾಗ ಎಫ್/1.8ರಲ್ಲಿ ತೆಗೆಯಬೇಡಿ, ಒಬ್ಬರ ಕಣ್ಣು ಫೋಕಸ್ ತಪ್ಪುತ್ತದೆ. ಎಫ್/2.8ರಿಂದ 4ರ ನಡುವೆ ಇಡಿ.

ಜಾಗಕ್ಕೆ ಬಂದರೆ, ಭಾನುವಾರ ಸಂಜೆ ಮಲ್ಪೆ ಮುಖ್ಯ ಬೀಚ್ ಬೇಡ, ಹಿಂದೆ ಜನ, ಅಂಗಡಿ, ಒಂಟೆ. ಸೇತುವೆ ದಾಟಿ ಪಡುಕೆರೆಗೆ ಹೋಗಿ, ಅಲ್ಲಿಂದ ಮಟ್ಟು ತನಕ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಬೆಳಿಗ್ಗೆ ಹೊಳೆ ಮೇಲೆ ಸೂರ್ಯ ಸಿಗುತ್ತದೆ, ಸಂಜೆ ಕಡಲ ಕಡೆ. ಮಂಗಳೂರಿನವರಿಗೆ ಸಸಿಹಿತ್ಲು. ಇಳಿತದ ಹೊತ್ತು ನೋಡಿ ಹೋದರೆ ಒದ್ದೆ ಮರಳಿನಲ್ಲಿ ಪ್ರತಿಬಿಂಬ ಸಿಗುತ್ತದೆ. ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಕಳೆದ ವಾರದ ಸಮಯ ನಂಬಬೇಡಿ. ಸೇಂಟ್ ಮೇರೀಸ್ ದ್ವೀಪ ಚೆಂದವೇ, ಆದರೆ ಕತ್ತಲಾಗುವ ಮೊದಲೇ ದೋಣಿ ವಾಪಸ್, ಮಳೆಗಾಲದಲ್ಲಿ ದೋಣಿಯೇ ಇಲ್ಲ. ಅಲ್ಲಿನ ಕಂಬದಂಥ ಕಪ್ಪು ಕಲ್ಲು ಬೆಳಕನ್ನು ನುಂಗುತ್ತದೆ ಬೇರೆ. ಕಾಪು, ಸೋಮೇಶ್ವರದ ಬಂಡೆ ಮೇಲೆ ಪಾಚಿ ಇರುತ್ತದೆ. ಸೀರೆ ಉಟ್ಟವರನ್ನು ಹತ್ತಿಸಲೇಬೇಡಿ. ಮೊಣಕಾಲಿಗಿಂತ ಮೇಲೆ ನೀರಿಗೂ ಇಳಿಸಬೇಡಿ, ಯಾವ ಫೋಟೋಕ್ಕೂ ಅಷ್ಟು ಬೆಲೆಯಿಲ್ಲ. ಪಣಂಬೂರಿನಲ್ಲಿ ಪಕ್ಕದಲ್ಲೇ ಬಂದರು ಉಂಟು, ಡ್ರೋನ್ ಎತ್ತುವ ಮೊದಲು ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ.

ಇನ್ನೊಂದು, ಎಸಿ ಕಾರಿನಿಂದ ಇಳಿದು ನೇರ ಕ್ಯಾಮೆರಾ ತೆಗೆದರೆ ಲೆನ್ಸಿಗೆ ಮಂಜು ಹಿಡಿಯುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಬ್ಯಾಗ್ ಡಿಕ್ಕಿಯಲ್ಲಿಡಿ, ಅರ್ಧ ಗಂಟೆ ಮೊದಲೇ ಎಸಿ ಆಫ್ ಮಾಡಿ. ಮರಳಿನ ಮೇಲೆ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದ ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಉಪ್ಪು ಒರೆಸಿ, ಆಮೇಲೆ ತೇವ ತಡೆಯುವ ಡ್ರೈ ಬಾಕ್ಸಿನಲ್ಲಿಡಿ. ತೇವ 40ರಿಂದ 50 ಪರ್ಸೆಂಟ್ ಇರಲಿ. ನಮ್ಮ ಹವೆಯಲ್ಲಿ ಕಪಾಟಿನಲ್ಲಿಟ್ಟ ಲೆನ್ಸಿಗೆ ಒಂದೇ ಮಳೆಗಾಲ ಸಾಕು ಫಂಗಸ್ ಬರಲು.

ಈಗ ಕೈಯಲ್ಲಿರುವ ಆ ಫೋಟೋಗಳಿಗೆ ಶ್ಯಾಡೋ ಎತ್ತುವ ಬದಲು ಪೂರ್ತಿ ಇಳಿಸಿ ನೋಡಿ, ಜೋಡಿ ಕಪ್ಪು ಆಕೃತಿಯಾಗಿ ನಿಲ್ಲಲಿ. ಇಬ್ಬರ ಮುಖದ ನಡುವೆ ಆಕಾಶ ಕಾಣುವ ಫೋಟೋಕ್ಕೆ ಮಾತ್ರ ಇದು ಆಗುತ್ತದೆ, ಅಪ್ಪಿಕೊಂಡಿರುವುದಕ್ಕೆ ಆಗುವುದಿಲ್ಲ. ನಿಮ್ಮ ಎರಡನೆಯದು, ಐದನೆಯದು ಉಳಿಯುತ್ತವೆ. ಉಳಿದದ್ದನ್ನು ಕೊಡಬೇಡಿ. ಒಂದು ಬೆಳಿಗ್ಗೆ ದುಡ್ಡು ತಗೊಳ್ಳದೆ ಮತ್ತೆ ಕರೆದು ತೆಗೆದುಕೊಡಿ.