ಫೋಟೊ ಇರುವಾಗ ಬ್ರಷ್ ಯಾಕೆ?

ಕಳೆದ ತಿಂಗಳು ಈ ಪತ್ರಿಕೆಯಲ್ಲಿ ನಾನು ಬಿಡಿಸಿದ ಸ್ಟೀಲ್ ಲೋಟದ ಚಿತ್ರ ಬಂದಿತ್ತು. ಅದು ಚಿತ್ರವೇ ಅಲ್ಲ, ಫೋಟೊ ಎಂದು ಜಗಳಕ್ಕೆ ಬಂದವರೇ ಜಾಸ್ತಿ. ಉಳಿದವರ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

● ಮೊಬೈಲಿನಲ್ಲಿ ಒಂದು ಸಲ ಒತ್ತಿದರೆ ಬರುವ ಲೋಟಕ್ಕೆ ಎರಡೂವರೆ ತಿಂಗಳು ಯಾಕೆ ಬೇಕು? ಸುಮ್ನೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.
(ನಿವೃತ್ತ ಮೇಷ್ಟ್ರು, ಕುವೆಂಪುನಗರ, ಮೈಸೂರು)

ಬೇಜಾರೇನಿಲ್ಲ ಸಾರ್. ನಮ್ಮತ್ತೆ ಇಪ್ಪತ್ತು ವರ್ಷದಿಂದ ಇದನ್ನೇ ಕೇಳುತ್ತಿದ್ದಾರೆ.

ಲೋಟದ ಮುಂದಿನ ಅಂಚು ಚೆನ್ನಾಗಿ ಬಂದರೆ ಫೋಟೊದಲ್ಲಿ ಹಿಂದಿನ ಅಂಚು ಮಸುಕಾಗುತ್ತದೆ. ಹೊಳಪು ಹಿಡಿಯಲು ಹೋದರೆ ನೆರಳೆಲ್ಲ ಮಸಿ ಬಳಿದ ಹಾಗೆ. ಆ ಲೋಟಕ್ಕೆ ಸುಮಾರು ನಲವತ್ತು ಫೋಟೊ ತೆಗೆದೆ, ಲೋಟವನ್ನೂ ಎದುರಿಗೇ ಇಟ್ಟುಕೊಂಡೆ. ಕಣ್ಣಲ್ಲಿ ನೋಡಿದರೆ ಅಲ್ಲಿ ಕಪ್ಪು ಅನ್ನುವುದೇ ಕಮ್ಮಿ. ನನ್ನ ಹಸಿರು ನೈಟಿ, ಕಿಟಕಿಯ ಸರಳು, ಮೂಲೆಯಲ್ಲಿದ್ದ ಕೆಂಪು ಸಿಲಿಂಡರ್, ಎಲ್ಲ ಉದ್ದುದ್ದ ಎಳೆದ ಹಾಗೆ ಆ ನೆರಳೊಳಗೇ ನಿಂತಿವೆ. ಅವನ್ನೆಲ್ಲ ಒಂದೊಂದಾಗಿ ಹುಡುಕಿ ತರುವುದಕ್ಕೆ ಎರಡೂವರೆ ತಿಂಗಳು.

ಫೋಟೊ ನೋಡಿ ಫೋಟೊದ ಹಾಗೇ ಬಿಡಿಸುವುದು ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಜೋರಾಯಿತು. ಅದಕ್ಕೆ ಫೋಟೊರಿಯಲಿಸಂ ಅಂದರು. 1973ರಲ್ಲಿ ಬ್ರಸೆಲ್ಸ್‌ನ ಗ್ಯಾಲರಿಯೊಂದರ ಮಾಲೀಕ ಇಸಿ ಬ್ರಾಶೋ ಇಂಥ ಚಿತ್ರಗಳ ತಮ್ಮ ಪ್ರದರ್ಶನಕ್ಕೆ ಹೈಪರ್‌ರಿಯಲಿಸಂ ಎಂದು ಹೆಸರಿಟ್ಟರು. ಇವೆರಡರ ಗಡಿ ಎಲ್ಲಿ ಎಂದು ಬಲ್ಲವರು ಇನ್ನೂ ಜಗಳವಾಡುತ್ತಾರೆ. ಆಡಲಿ ಬಿಡಿ.

● ಚೌಕಳಿ ಹಾಕಿಕೊಂಡು ಬಿಡಿಸುವುದು ಮೋಸ ಅಲ್ವಾ?
(ಚಿತ್ರಕಲೆ ವಿದ್ಯಾರ್ಥಿ, ಮೈಸೂರು)

ಮೋಸ ಅನ್ನುವುದಾದರೆ ನಮ್ಮಪ್ಪ ಮಂಡ್ಯಕ್ಕೇ ದೊಡ್ಡ ಮೋಸಗಾರ.

ಅಪ್ಪ ಸಿನಿಮಾ ಬ್ಯಾನರ್ ಬರೆಯುತ್ತಿದ್ದರು. ಪೋಸ್ಟ್‌ಕಾರ್ಡ್ ಅಳತೆಯ ಫೋಟೊ ಮೇಲೆ ಪೆನ್ಸಿಲಿನಲ್ಲಿ ಚೌಕಳಿ. ಬ್ಯಾನರ್ ಬಟ್ಟೆಯ ಮೇಲೂ ಅಷ್ಟೇ ಚೌಕ, ದೊಡ್ಡದಾಗಿ. ಅದಕ್ಕೆ ನೀಲಿ ಪುಡಿ ಸವರಿದ ದಾರ. ಆ ತುದಿ ಅಪ್ಪ, ಈ ತುದಿ ನಾನು. ನಡುವೆ ಎತ್ತಿ ಚಟ್ ಅಂತ ಬಿಟ್ಟರೆ ಗೆರೆ ಬೀಳುತ್ತಿತ್ತು, ನನ್ನ ಲಂಗಕ್ಕೂ ನೀಲಿ. ಅಣ್ಣಾವ್ರ ಮೂಗಿಗೆ ಎರಡು ಚೌಕ, ಒಂದೊಂದು ಕಣ್ಣಿಗೆ ಒಂದೊಂದು. "ಮೂಗು ಅಂತ ನೋಡ್ಬ್ಯಾಡ ಕಣವ್ವ, ಆ ಚೌಕದಾಗೆ ಏನೈತೆ ಅಷ್ಟ್ ನೋಡು" ಅನ್ನುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು, ಅಪ್ಪನ ಕೆಲಸ ನಿಂತಿತು.

ಮೈಸೂರಿನಲ್ಲಿ ಓದುವಾಗ ಲೈಬ್ರರಿಯ ಪುಸ್ತಕವೊಂದರಲ್ಲಿ ಚಕ್ ಕ್ಲೋಸ್ ಎಂಬ ಅಮೆರಿಕನ್ ಚಿತ್ರಕಾರನ ಮುಖ ನೋಡಿದೆ. 1967-68ರಲ್ಲಿ ಆತ ಬಿಡಿಸಿಕೊಂಡ ತನ್ನದೇ ಚಿತ್ರ. ಒಂಬತ್ತು ಅಡಿ ಎತ್ತರ, ಬರೀ ಕಪ್ಪು ಬಿಳುಪು, ಬಾಚದ ತಲೆ, ಬಾಯಲ್ಲಿ ಸಿಗರೇಟು. ಬಿಡಿಸಿದ್ದು ಹೇಗೆ ಅಂತ ಓದಿದರೆ, ಫೋಟೊಗೆ ಚೌಕಳಿ! ಲೈಬ್ರರಿಯಲ್ಲಿ ಒಬ್ಬಳೇ ನಕ್ಕೆ. ಆತನಿಗೆ ಮುಖಗಳ ಗುರುತು ಹತ್ತುತ್ತಿರಲಿಲ್ಲವಂತೆ, ಅದೊಂದು ತೊಂದರೆ. ಅದಕ್ಕೇ ಮುಖವನ್ನು ಚಪ್ಪಟೆ ಮಾಡಿ, ತುಂಡು ತುಂಡಾಗಿ ನೋಡುತ್ತಿದ್ದ. 1988ರಲ್ಲಿ ಬೆನ್ನುಹುರಿಯ ರಕ್ತನಾಳದ ತೊಂದರೆಯಿಂದ ಕೈಕಾಲು ಸ್ವಾಧೀನ ತಪ್ಪಿದವು. ಕೈಗೆ ಬ್ರಷ್ ಕಟ್ಟಿಸಿಕೊಂಡು ಮತ್ತೆ ಶುರು ಮಾಡಿದ. 2021ರಲ್ಲಿ ತೀರಿಕೊಂಡ.

ಅಷ್ಟು ದೂರ ಯಾಕೆ, ನಮ್ಮ ಅರಮನೆಯ ಕಲ್ಯಾಣ ಮಂಟಪಕ್ಕೆ ಹೋಗಿ. ಗೋಡೆ ಸುತ್ತ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಮೆರವಣಿಗೆಯ ಫೋಟೊಗಳನ್ನು ಇಟ್ಟುಕೊಂಡೇ ಆಸ್ಥಾನದ ಚಿತ್ರಕಾರರು ಬಿಡಿಸಿದ್ದು. ಆನೆ, ಅಂಬಾರಿ ಆಮೇಲೆ ನೋಡಿ, ಮೊದಲು ಗುಂಪಿನಲ್ಲಿರುವವರ ಮುಖ ನೋಡಿ. ಚೌಕಳಿ ನಿಮಗೆ ಜಾಗ ತೋರಿಸುತ್ತೆ ಅಷ್ಟೆ. ಬಣ್ಣ ಕಲಸುವಾಗ ಅದು ಸಹಾಯಕ್ಕೆ ಬರಲ್ಲ.

● ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರ ರವಿವರ್ಮನದ್ದು ತಾನೆ?
(ಗೃಹಿಣಿ, ಶ್ರೀರಂಗಪಟ್ಟಣ)

ಅಲ್ಲ. ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಅದು ಎಸ್.ಎಲ್. ಹಲ್ದಣಕರ್ ಅವರದ್ದು, ದೀಪ ಹಿಡಿದು ನಿಂತವರು ಅವರ ಮಗಳು. ರವಿವರ್ಮ 1906ರಲ್ಲೇ ತೀರಿಹೋಗಿದ್ದರು, ಈ ಚಿತ್ರ 1940ರ ದಶಕದ್ದು. ಇನ್ನೊಂದು ವಿಷಯ, ಅದು ಆಯಿಲ್ ಪೇಂಟಿಂಗ್ ಅಲ್ಲ, ವಾಟರ್ ಕಲರ್. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿ ನೋಡಿ, ಬೆಳಕು ಚರ್ಮದ ಒಳಗಿಂದ ಕೆಂಪಗೆ ಬರುತ್ತೆ. ವಾಟರ್ ಕಲರಿನಲ್ಲಿ ತಪ್ಪಿದರೆ ಮೇಲೆ ಬಳಿದು ಮುಚ್ಚುವ ಹಾಗಿಲ್ಲ. ನನಗಂತೂ ಇವತ್ತಿಗೂ ಹೊಟ್ಟೆಕಿಚ್ಚು.

● ವೀಳ್ಯದೆಲೆ ಮೇಲೆ ನೀರಿನ ಹನಿ ಬಿಡಿಸಿದೆ ಮೇಡಂ. ಕೋಳಿಮೊಟ್ಟೆ ಇಟ್ಟ ಹಾಗಿದೆ.
(ಪಿಯುಸಿ ವಿದ್ಯಾರ್ಥಿನಿ, ಮದ್ದೂರು)

ಬಿಳಿ ಬಣ್ಣ ಸುರಿದಿದ್ದೀಯ ಪುಟ್ಟಿ. ಹನಿಗೆ ತನ್ನದೇ ಬಣ್ಣ ಇಲ್ಲ, ಅದು ಎಲೆಯ ಬಣ್ಣವೇ. ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಹತ್ತಿರ ಎಲೆ ಇಟ್ಟು ಒಂದು ತೊಟ್ಟು ನೀರು ಬಿಡು. ಎಡಗಡೆಯಿಂದ ಬೆಳಕು ಬರುತ್ತಿದೆ ಅಂದುಕೋ. ಹನಿಯ ಎಡಭಾಗ ಎಲೆಗಿಂತ ಕಪ್ಪಗಿರುತ್ತೆ. ತಿರುಗಾಮುರುಗಾ ಅನ್ನಿಸುತ್ತೆ, ಆದರೆ ಹಾಗೇ ಇರುತ್ತೆ. ಆ ಕಪ್ಪಿನ ನಡುವೆಯೇ ಸಾಸಿವೆಯಷ್ಟು ಬಿಳಿ ಚುಕ್ಕೆ. ಬಲಭಾಗ ತೆಳು ಹಳದಿ ಹಸಿರು, ಯಾಕಂದರೆ ಹನಿ ಭೂತಗನ್ನಡಿ ಹಾಗೆ ಬೆಳಕನ್ನು ಆ ಕಡೆ ಕೂಡಿಸುತ್ತೆ. ಅದರಾಚೆ ಎಲೆ ಮೇಲೆ ಹನಿಯ ನೆರಳು. ಸುತ್ತ ಒಂದೇ ಸಮ ಗೆರೆ ಎಳೆಯಬೇಡ. ಬಿಳಿ ಟ್ಯೂಬಿನ ಮುಚ್ಚಳ ಕೊನೆಯ ಚುಕ್ಕೆ ಇಡುವ ತನಕ ತೆಗೆಯಲೇಬೇಡ.

● ಮಗ ಇಂಜಿನಿಯರಿಂಗ್ ಬಿಟ್ಟು ಇಂಥ ಚಿತ್ರ ಬಿಡಿಸುತ್ತೇನೆ ಅನ್ನುತ್ತಿದ್ದಾನೆ. ಸಂಸಾರ ನಡೆಯುತ್ತಾ?
(ಒಬ್ಬ ತಾಯಿ, ಮಂಡ್ಯ)

ನನಗೆ ವರ್ಷಕ್ಕೆ ನಾಲ್ಕೈದು ಚಿತ್ರ ಮುಗಿದರೆ ಹೆಚ್ಚು ಅಕ್ಕ. ಮಳೆಗಾಲದಲ್ಲಿ ಆಯಿಲ್ ಬಣ್ಣ ಒಣಗುವುದೇ ಇಲ್ಲ, ಬಿಳಿ ಅಂತೂ ವಾರ ಕಳೆದರೂ ಬೆರಳಿಗೆ ಅಂಟುತ್ತೆ. ಮೊದಲ ಹತ್ತು ವರ್ಷ ಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟೇ ಬಾಡಿಗೆ ಕಟ್ಟಿದ್ದು. ಒಮ್ಮೆ ಒಬ್ಬರು ತೀರಿಕೊಂಡ ತಂದೆಯ ಚಿತ್ರ ಬರೆಸಿದರು. ತೆಗೆದುಕೊಂಡು ಹೋಗಲು ಬಂದಾಗ, ಪ್ರಿಂಟ್ ಹಾಕಿಸಿ ವಾರ್ನಿಷ್ ಹೊಡೆದಿದ್ದೀರಾ ಎಂದು ಉಗುರಿನಲ್ಲಿ ಕೆರೆದು ನೋಡಿದರು. ಕಿವಿ ಹತ್ತಿರ ಬಣ್ಣ ಎದ್ದು ಬಂತು. ಅದೇ ನೆಪ ಮಾಡಿ ಅರ್ಧ ದುಡ್ಡೂ ಕೊಡಲಿಲ್ಲ. ಅವತ್ತಿನಿಂದ ಮುಂಗಡ ಇಲ್ಲದೆ ಬ್ರಷ್ ಮುಟ್ಟುವುದಿಲ್ಲ, ದಿನಾ ಸಂಜೆ ಕೆಲಸದ ಫೋಟೊ ತೆಗೆದಿಡುತ್ತೇನೆ.

ಚೆನ್ನಾಗಿ ಹೆಸರು ಮಾಡಿದವರೂ ಇದ್ದಾರೆ. ಕುಂಭಕೋಣದ ಕಡೆಯ ಇಳಯರಾಜ (ಸಂಗೀತದವರಲ್ಲ) ಹೊಸ್ತಿಲಲ್ಲಿ, ಕಿಟಕಿ ಬೆಳಕಲ್ಲಿ ಕೂತ ಹಳ್ಳಿ ಹೆಂಗಸರನ್ನು ಬಿಡಿಸಿದರು. ವಾರಪತ್ರಿಕೆಗಳಲ್ಲಿ ಬಂದ ಚಿತ್ರಗಳಿಂದಲೇ ಮನೆಮನೆಗೆ ಗೊತ್ತಾದರು. 2021ರಲ್ಲಿ ಕೊರೊನಾ ಅವರನ್ನು ಕರೆದುಕೊಂಡು ಹೋಯಿತು. ಮಗನಿಗೆ ಡಿಗ್ರಿ ಮುಗಿಸಲು ಹೇಳಿ, ಜೊತೆಗೆ ಒಂದು ಈರುಳ್ಳಿ ಬಿಡಿಸಲು ಹೇಳಿ. ಮೂರನೇ ವಾರವೂ ಅದೇ ಈರುಳ್ಳಿ ಮುಂದೆ ಕೂತಿದ್ದರೆ ನನಗೆ ಮತ್ತೆ ಬರೆಯಿರಿ.

● ಈಗ ಏನು ಬಿಡಿಸುತ್ತಿದ್ದೀರಿ?
(ಓದುಗರು, ಪಾಂಡವಪುರ)

ಅಚ್ಚುಬೆಲ್ಲ. ನಿಮ್ಮ ಕಡೆಯ ಆಲೆಮನೆಯದ್ದೇ. ಮುರಿದ ಕಡೆ ಹರಳು ಮಿನುಗುವುದು ನೋಡಿ ಆಸೆಪಟ್ಟು ಶುರು ಮಾಡಿದೆ. ಮೇಲಿನ ಆರು ಚೌಕ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಬೆಲ್ಲ ಬೆವರಿ ತಟ್ಟೆಗೆ ಅಂಟಿಕೊಂಡಿತು, ಒಂದು ಮೂಲೆ ಇರುವೆ ಪಾಲಾಯಿತು. ಅದೇ ಆಲೆಮನೆಯಿಂದ ಇನ್ನೊಂದು ತರಿಸಿದೆ. ಬಣ್ಣ ಬೇರೆ, ಸ್ವಲ್ಪ ಕೆಂಪು ಜಾಸ್ತಿ. ನಿನ್ನೆಯಿಂದ ಆ ಆರು ಚೌಕ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದೇನೆ.