ಸೂರ್ಯ ಚಕ್ಕೋತ, ಭೂಮಿ ಸಾಸಿವೆ

ಮೇಡಂ, ‘ಪುಸ್ತಕದಲ್ಲಿ ಸೂರ್ಯ ಅಷ್ಟು ದೊಡ್ಡದು, ಆಕಾಶದಲ್ಲಿ ಏಕೆ ಇಷ್ಟು ಚಿಕ್ಕದು?’ ಎಂದು ನಿಮ್ಮ ನಾಲ್ಕನೇ ತರಗತಿಯ ಹುಡುಗ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ತಪ್ಪು ಅವನದಲ್ಲ, ಚಿತ್ರದ್ದು. ಪುಟದ ಅಗಲಕ್ಕೆ ಹೊಂದಿಸಲು ಗ್ರಹಗಳನ್ನೆಲ್ಲ ಸೂರ್ಯನ ಮಗ್ಗುಲಲ್ಲೇ ಕೂರಿಸಿಬಿಡುತ್ತಾರೆ.

ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯಿರಿ. ಸುಮಾರು 14 ಸೆಂ.ಮೀ. ಅಗಲದ ಚಕ್ಕೋತ ಹಣ್ಣೊಂದು ಸೂರ್ಯನಾಗಲಿ. ಆಗ ಭೂಮಿ ಒಂದು ಸಣ್ಣ ಸಾಸಿವೆ ಕಾಳು. ಅದನ್ನು 15 ಮೀಟರ್ ದೂರದಲ್ಲಿ ಇಡಬೇಕು. ಚಂದ್ರ ಆ ಕಾಳಿನಿಂದ ನಾಲ್ಕು ಸೆಂ.ಮೀ. ಆಚೆ, ಗಸಗಸೆಗಿಂತಲೂ ಚಿಕ್ಕದು. ಗುರು ಗ್ರಹಕ್ಕೆ ಆಟದ ಗೋಲಿ ಸಾಕು, ಆದರೆ 78 ಮೀಟರ್ ನಡೆಯಬೇಕು. ನೆಪ್ಚೂನ್ 450 ಮೀಟರ್‌ನಲ್ಲಿ, ಅಂದರೆ ಶಾಲೆಯ ಗೇಟಿನ ಹೊರಗೇ! (ಅಲ್ಲಿಯವರೆಗೆ ಮಕ್ಕಳನ್ನು ಕಳಿಸಬೇಡಿ, ಬೆರಳು ತೋರಿಸಿದರೆ ಸಾಕು.)

ಈಗ ಆ ಹುಡುಗನನ್ನು ಸಾಸಿವೆಯ ಬಳಿ ನಿಲ್ಲಿಸಿ ಚಕ್ಕೋತವನ್ನು ನೋಡಲು ಹೇಳಿ. ಆಕಾಶದ ಸೂರ್ಯ ಕಾಣುವಷ್ಟೇ ಗಾತ್ರದಲ್ಲಿ ಅದು ಕಾಣುತ್ತದೆ. ಹೋಲಿಸಲು ನಿಜವಾದ ಸೂರ್ಯನತ್ತ ಮಾತ್ರ ಯಾರೂ ಕಣ್ಣೆತ್ತದಂತೆ ಮೊದಲೇ ಎಚ್ಚರಿಸಿ. ಹುಣ್ಣಿಮೆಯ ಚಂದ್ರನೂ ಹೆಚ್ಚುಕಡಿಮೆ ಅಷ್ಟೇ ಅಗಲ ಕಾಣುವುದರಿಂದ, ರಾತ್ರಿ ಅದನ್ನು ನೋಡಿ ಬರಲಿ.

‘ಮುಂದಿನ ನಕ್ಷತ್ರ ಎಲ್ಲಿ?’ ಎಂದು ಅವನು ಖಂಡಿತ ಕೇಳುತ್ತಾನೆ. ಇದೇ ಅಳತೆಯಲ್ಲಿ ಸುಮಾರು 4,000 ಕಿ.ಮೀ.