ಮೂರು ಅಂದರೆ ಪಾಸ್ ಮಾರ್ಕಲ್ಲ

ಓದುಗರ ಪ್ರಶ್ನೆ – ಈ ಸಲ ಹಿಮದ್ದು

ಉತ್ತರ ಬರೆದವರು ಪೆರ್ಲ ಹತ್ತಿರದ ಅಡಿಕೆ ಕೃಷಿಕರು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಒಂಬತ್ತು ಚಳಿಗಾಲ ಹೋಟೆಲ್ ಅಡುಗೆಮನೆಯಲ್ಲಿ ದುಡಿದು ಊರಿಗೆ ಮರಳಿದವರು.

ಪ್ರಶ್ನೆ: ನನ್ನ ಮಗ ಜೂರಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ಬಂತೆಂದರೆ ಸ್ಕೀ ಹೊತ್ತುಕೊಂಡು ಬೆಟ್ಟಕ್ಕೆ. ಈಗೀಗ ಗುರುತು ಹಾಕಿದ ದಾರಿ ಬಿಟ್ಟು ಹೊರಗೆ ಜಾರುತ್ತಾನಂತೆ, ಅದಕ್ಕೆ ಆಫ್-ಪಿಸ್ಟ್ ಅನ್ನುತ್ತಾರಂತೆ. ಹಿಮ ಕುಸಿಯುವುದಿಲ್ಲವಾ ಅಂತ ಕೇಳಿದರೆ, "ಅಪಾಯ ಐದರಲ್ಲಿ ಮೂರು ಅಷ್ಟೆ ಅಮ್ಮ" ಅನ್ನುತ್ತಾನೆ. ನಾನು ನೆಮ್ಮದಿಯಾಗಿ ಇರಬಹುದಾ? "ಜಾಗ್ರತೆ ಮಗಾ" ಅನ್ನುವುದು ಬಿಟ್ಟು ಫೋನಲ್ಲಿ ಬೇರೇನು ಕೇಳಲಿ?
– ಒಬ್ಬ ತಾಯಿ, ಕುಂಬಳೆ

ಉತ್ತರ: ಅಕ್ಕಾ, ಮಗ ಸುಳ್ಳು ಹೇಳಿಲ್ಲ. ಆದರೆ ಆ ಮೂರನ್ನು ಪರೀಕ್ಷೆಯ ಮಾರ್ಕಿನ ಹಾಗೆ ಓದಿಕೊಂಡಿದ್ದಾನೆ. ನೂರಕ್ಕೆ ಅರುವತ್ತು, ಪರವಾಗಿಲ್ಲ ಅಂತ.

ನಾನಿದ್ದ ದಾವೋಸ್‌ನಲ್ಲೇ ಹಿಮ ಮತ್ತು ಹಿಮಕುಸಿತದ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್ ಇದೆ. ಚಳಿಗಾಲದಲ್ಲಿ ದಿನಾ ಸಂಜೆ 5 ಗಂಟೆಗೆ ಅವರ ವರದಿ ಬರುತ್ತದೆ. ನಮ್ಮ ಅಡುಗೆಮನೆಯ ಹಿಂಬಾಗಿಲಲ್ಲಿ, ಈರುಳ್ಳಿ ಗೋಣಿಯ ಮೇಲಿನ ಬೋರ್ಡಿಗೆ ಅದನ್ನು ಚುಚ್ಚಿಡುತ್ತಿದ್ದರು. ಅಪಾಯಕ್ಕೆ ಒಂದರಿಂದ ಐದರವರೆಗೆ ಅಂಕಿ, ಐದು ಅಂದರೆ ಎಲ್ಲಕ್ಕಿಂತ ಜಾಸ್ತಿ. ನಾಲ್ಕೋ ಐದೋ ಬಂದ ದಿನ ಯಾರೂ ಹೊರಗೆ ಹೋಗುವುದಿಲ್ಲ, ಇಸ್ಪೀಟು ಆಡುತ್ತಾ ಕೂರುತ್ತಾರೆ. ಮೂರರ ದಿನ ಬಿಸಿಲಿರುತ್ತದೆ, ಹೊಸ ಹಿಮ ಹಾಸಿರುತ್ತದೆ, ಎಲ್ಲರೂ ಹೊರಡುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸಾಯುವವರಲ್ಲಿ ಸುಮಾರು ಅರ್ಧದಷ್ಟು ಜನ ಸಾಯುವುದು ಈ ಮೂರರ ದಿನಗಳಲ್ಲೇ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಅಪಾಯ ಒಂದೊಂದೇ ಮೆಟ್ಟಿಲು ಏರುವುದೂ ಅಲ್ಲ. ಪ್ರತಿ ಅಂಕಿಗೂ ಹಿಂದಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಕುಸಿಯುವುದು ಯಾಕೆ ಅಂತಲೂ ಹೇಳುತ್ತೇನೆ. ಒಮ್ಮೆ ನನ್ನ ಜೊತೆ ಕೆಲಸ ಮಾಡುವವನು ನೆರಳು ಬೀಳುವ ಇಳಿಜಾರಿನಲ್ಲಿ ಎದೆಮಟ್ಟದ ಗುಂಡಿ ತೋಡಿ ತೋರಿಸಿದ. ಮೇಲೆ ಗಾಳಿ ಒತ್ತಿ ಗಟ್ಟಿ ಮಾಡಿದ ಪದರ. ಅಡಿಯಲ್ಲಿ ಹರಳು ಹರಳು. ಕೈಗೆ ತೆಗೆದುಕೊಂಡೆ, ಉಂಡೆ ಕಟ್ಟಲೇ ಇಲ್ಲ, ಬನ್ಸಿ ರವೆಯ ಹಾಗೆ ಬೆರಳ ಸಂದಿಯಲ್ಲಿ ಸುರಿದುಹೋಯಿತು. ಚಳಿಗಾಲದ ಶುರುವಿನಲ್ಲಿ ಹಿಮ ತೆಳು. ಅದರಡಿಯ ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಮೇಲಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ಈ ನಡುವೆ ಹಿಮದೊಳಗಿನ ಆವಿ ಮೇಲಕ್ಕೆ ಸರಿದು, ಒಂದಕ್ಕೊಂದು ಅಂಟದ ಈ ಹರಳು ಬೆಳೆಯುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದರೆ ರವೆಯ ಮೇಲೆ ಕಡಪ ಕಲ್ಲು ಓರೆಯಾಗಿ ಇಟ್ಟ ಹಾಗೆ. ಅದರ ಮೇಲೆ ಒಬ್ಬ ಮನುಷ್ಯ ಹೋದರೆ ಸಾಕು. ಪ್ರಾಣ ಹೋದ ಪ್ರಕರಣಗಳಲ್ಲಿ ಹೆಚ್ಚಿನವು ಸಿಕ್ಕಿಬಿದ್ದವನೋ ಅವನ ಜೊತೆಯವನೋ ತಾನೇ ಕೆಡವಿಕೊಂಡದ್ದು. ಬೆಟ್ಟ ತಾನಾಗಿ ಮೈಮೇಲೆ ಬಂದದ್ದು ಕಡಿಮೆ.

ಹಾಗಾಗಿ ಫೋನಲ್ಲಿ ಮೊದಲು ಕೇಳಿ: "ಮೂರು ಎಲ್ಲಿ? ಯಾವ ಎತ್ತರದ ಮೇಲೆ? ಯಾವ ದಿಕ್ಕಿನ ಇಳಿಜಾರು?" ವರದಿಯಲ್ಲಿ ಇದೆಲ್ಲ ಇರುತ್ತದೆ. ಅಂಕಿ ಮಾತ್ರ ನೋಡಿ ಹೊರಟವನಿಗೆ ಉತ್ತರ ಬಾರದು. ಆಮೇಲೆ, "ಇಳಿಜಾರು 30 ಡಿಗ್ರಿಗಿಂತ ಜಾಸ್ತಿಯಾ?" ನಮ್ಮ ಹಳೇ ಹಂಚಿನ ಮಾಡು ಇದೆಯಲ್ಲ, ಅಂದಾಜು ಅಷ್ಟು ಓರೆ. ಅದಕ್ಕಿಂತ ಕಡಿದಾದಲ್ಲಿ ಕುಸಿತ ಹುಟ್ಟುತ್ತದೆ. ಮೂರರ ದಿನ ಅದಕ್ಕಿಂತ ಸಪಾಟಾದಲ್ಲಿ, ತಲೆಯ ಮೇಲೂ ಕಡಿದಾದ ಇಳಿಜಾರು ಇಲ್ಲದಲ್ಲಿ ಜಾರಿದರೆ ಅರ್ಧ ಭಯ ಕಳೆಯಿತು.

ಇನ್ನೊಂದು ಪ್ರಶ್ನೆ ಇದೆ. "ನಿನ್ನ ಜೊತೆ ಯಾರಿದ್ದಾರೆ? ಅವರಿಗೆ ಹುಡುಕಲು ಬರುತ್ತದಾ?" ಎಲ್ಲರ ಮೈಮೇಲೂ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ, ಹುಡುಕುವಾಗ ಹೂತವನ ಸಂಕೇತ ಹಿಡಿಯುವ ಒಂದು ಪುಟ್ಟ ಯಂತ್ರ ಇರಬೇಕು. ಚೀಲದಲ್ಲಿ ಚುಚ್ಚಿ ನೋಡುವ ಉದ್ದ ಕೋಲು, ಲೋಹದ ಸಲಿಕೆ ಇರಬೇಕು. ಇದ್ದರೆ ಮಾತ್ರ ಸಾಲದು. ನಾನು ಅಭ್ಯಾಸಕ್ಕೆ ಹೋದಾಗ ಒಂದು ಚೀಲದಲ್ಲಿ ಯಂತ್ರ ಇಟ್ಟು ಹೂತಿದ್ದರು. ನನ್ನ ಕೈಯಲ್ಲಿದ್ದ ಯಂತ್ರ ಅದಕ್ಕೆ ದೂರ 38 ಮೀಟರ್ ಅಂತ ತೋರಿಸಿತು, 20ಕ್ಕೆ ಇಳಿಯಿತು, ಮತ್ತೆ 27! ಅವಸರದಲ್ಲಿ ಯಂತ್ರ ದಾರಿ ತೋರಿಸುವ ಬಾಣದ ಗುರುತು ಬಿಟ್ಟು ಓಡಿದ್ದೆ. ಕೊನೆಗೆ ಕೋಲು ಮೆತ್ತಗೆ ಏನಕ್ಕೋ ತಾಗಿತು. ಆಮೇಲೆ ಅಗೆತ. ಕುಸಿದು ನಿಂತ ಹಿಮ ಹತ್ತಿಯಲ್ಲ ಅಕ್ಕಾ, ನಮ್ಮ ಮುರಕಲ್ಲಿಗೆ ಪಿಕ್ಕಾಸಿ ಹಾಕಿದ ಹಾಗೆ. ಚೀಲ ಹೊರಗೆ ಬರುವಾಗ 23 ನಿಮಿಷ. ಕಲಿಸುವವನು ಏನೂ ಹೇಳಲಿಲ್ಲ, ಗಡಿಯಾರ ನೋಡಿದ ಅಷ್ಟೆ. ಹೂತುಹೋದವನನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ತುಂಬಾ ಜಾಸ್ತಿ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬ ಉಳಿದರೆ ಹೆಚ್ಚು. ಹಿಮದಲ್ಲಿ ಗಾಳಿ ಇದ್ದರೂ ಬಾಯಿಯ ಸುತ್ತ ಉಸಿರೇ ಮಂಜುಗಟ್ಟಿ ಮುಚ್ಚುತ್ತದೆ. ನನ್ನಜ್ಜ ನೀರಿಗಾಗಿ ಸುರಂಗ ತೋಡುವಾಗ ದೀಪ ಮಂಕಾದರೆ ಹೊರಗೆ ಬರುತ್ತಿದ್ದರು. ಅಲ್ಲಿ ಬರಲಿಕ್ಕೆ ದಾರಿ ಇಲ್ಲ. ಹೆಲಿಕಾಪ್ಟರ್ ಬರುವಷ್ಟು ಹೊತ್ತೂ ಇಲ್ಲ, ಪಕ್ಕದಲ್ಲಿದ್ದವನೇ ತೆಗೆಯಬೇಕು.

ಮಗ ಒಬ್ಬನೇ ಹೋಗುತ್ತಾನೆ ಅಂದರೆ ಬೈಯಿರಿ, ನಾನು ಹೇಳಿದೆ ಅಂತಲೇ ಬೈಯಿರಿ.

ಪ್ರಶ್ನೆ: ಆಲ್ಪ್ಸ್ ಬೆಟ್ಟಗಳನ್ನು ಬೇಸಿಗೆಯಲ್ಲಿ ಹತ್ತುವುದು ಬಿಟ್ಟು ಚಳಿಗಾಲದಲ್ಲಿ ಹತ್ತುವುದು ಹುಚ್ಚಲ್ಲವೇ?
– ವಿದ್ಯಾರ್ಥಿ, ಉಪ್ಪಳ

ಉತ್ತರ: ಸ್ವಲ್ಪ ಹುಚ್ಚೇ. ಆದರೆ ಲೆಕ್ಕವೂ ಇದೆ. ಬೇಸಿಗೆಯಲ್ಲಿ ಬಿಸಿಲಿಗೆ ಬಂಡೆಯ ಸಂದಿನ ಮಂಜು ಕರಗಿ ಕಲ್ಲು ಉದುರುತ್ತದೆ. ಚಳಿಗಾಲದಲ್ಲಿ ಕಲ್ಲುಗಳೆಲ್ಲ ಅಂಟಿಕೊಂಡಿರುತ್ತವೆ. 4,478 ಮೀಟರಿನ ಮ್ಯಾಟರ್‌ಹಾರ್ನ್ ಶಿಖರವನ್ನು ಜನ ಮೊದಲು ಹತ್ತಿದ್ದು 1865ರ ಜುಲೈಯಲ್ಲಿ. ಇಳಿಯುವಾಗ ಹಗ್ಗ ಕಡಿದು ಏಳು ಜನರಲ್ಲಿ ನಾಲ್ವರು ಸತ್ತರು. ಹೆಚ್ಚುಕಡಿಮೆ ನೂರು ವರ್ಷದ ಮೇಲೆ, 1965ರ ಫೆಬ್ರವರಿಯಲ್ಲಿ, ಇಟಲಿಯ ವಾಲ್ಟರ್ ಬೊನಾಟ್ಟಿ ಅದರ ಉತ್ತರ ಮುಖವನ್ನು ಹೊಸ ದಾರಿಯಲ್ಲಿ ಒಬ್ಬನೇ ಹತ್ತಿದ. ಹಗಲು ಗಿಡ್ಡ, ರಾತ್ರಿ ಬಂಡೆಗೆ ತನ್ನನ್ನು ಕಟ್ಟಿಕೊಂಡು ಕಳೆಯಬೇಕು. ನನಗಾದರೆ ನಮ್ಮ ಪೊಸಡಿಗುಂಪೆ ಗುಡ್ಡವೇ ಸಾಕು.

ಹಿಮನದಿಯ ಮೇಲೆ ಮಾತ್ರ ಚಳಿಗಾಲ ಮೋಸ. ಬಿರುಕಿನ ಬಾಯಿಗೆ ಹೊಸ ಹಿಮ ತೆಳ್ಳಗೆ ಮುಚ್ಚಿರುತ್ತದೆ. ಪಾಳುಬಾವಿಯ ಮೇಲೆ ಮಡಲು ಹಾಸಿದ ಹಾಗೆ.

ಪ್ರಶ್ನೆ: ಅಷ್ಟು ಚಳಿಗೆ ಸ್ವಲ್ಪ ಬ್ರಾಂದಿ ಒಳ್ಳೆಯದಲ್ವಾ? ಅಲ್ಲಿನ ನಾಯಿಗಳ ಕೊರಳಲ್ಲೂ ಪೀಪಾಯಿ ಇರುತ್ತದಲ್ಲ!
– ಬದಿಯಡ್ಕದ ಓದುಗ

ಉತ್ತರ: ಸೇಂಟ್ ಬರ್ನಾರ್ಡ್ ನಾಯಿಗಳು ಜನರನ್ನು ಹುಡುಕಿದ್ದು ನಿಜ, ಪೀಪಾಯಿ ಮಾತ್ರ ಚಿತ್ರಕಾರರ ಕಲ್ಪನೆ. ಕುಡಿದರೆ ಚರ್ಮದ ರಕ್ತನಾಳ ಹಿಗ್ಗಿ ಮೈ ಬೆಚ್ಚಗಾದ ಹಾಗೆ ಅನಿಸುತ್ತದೆ. ಒಳಗಿನ ಬಿಸಿ ಸುಮ್ನೆ ಹೊರಗೆ ಹೋಗುತ್ತದೆ. ಬೆಳಿಗ್ಗೆ ಹೊರಡುವವರ ಫ್ಲಾಸ್ಕಿಗೆ ನಾವು ತುಂಬುತ್ತಿದ್ದದ್ದು ಸಕ್ಕರೆ ಜಾಸ್ತಿ ಹಾಕಿದ ಚಹಾ. ಒಂದು ದಿನ ಶುಂಠಿ, ಕಾಳುಮೆಣಸು ಜಜ್ಜಿ ಹಾಕಿಬಿಟ್ಟೆ. ಮರುದಿನ ಮೂವರು ಖಾಲಿ ಫ್ಲಾಸ್ಕ್ ಹಿಡಿದು ಹಿಂಬಾಗಿಲಿಗೇ ಬಂದಿದ್ದರು.